ದೊಡ್ಡಮ್ಮನ ಓಲೆ ಮತ್ತು ಅಮೆರಿಕದಿಂದ ಬಂದ ಬೀಜ

ನಮ್ಮ ದೊಡ್ಡಮ್ಮ ಕಿವಿಯ ಓಲೆ ಬಿಚ್ಚಿ ಕೊಟ್ಟು ಈಗ ಮೂರು ವರ್ಷ. ತಾಲ್ಲೂಕು ಮೈದಾನದಲ್ಲಿ ಮೂರು ದಿನದ ಸ್ವಸ್ಥತಾ ಕೂಟ ಇತ್ತು. ಅವರ ಮಗನಿಗೆ ಕಿಡ್ನಿ ತೊಂದರೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ಕೊನೆಯ ದಿನ ರಾತ್ರಿ ವೇದಿಕೆ ಮೇಲಿದ್ದ ಬೋಧಕರು, ‘ಕಾಣಿಕೆ ಅಂದುಕೊಂಡು ಕೊಡಬೇಡಿ, ಬೀಜ ಅಂದುಕೊಂಡು ಬಿತ್ತಿ, ದೇವರು ನೂರರಷ್ಟು ಮಾಡಿ ಕೊಡುತ್ತಾನೆ’ ಅಂದರಂತೆ. ದೊಡ್ಡಮ್ಮನ ಸೆರಗಿನ ಗಂಟಿನಲ್ಲಿ ಬಸ್ ಚಾರ್ಜು ಬಿಟ್ಟರೆ ದುಡ್ಡಿರಲಿಲ್ಲ. ಓಲೆ ಇತ್ತು. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಮೈಮೇಲೆ ಉಳಿದಿದ್ದ ಚಿನ್ನ ಅದೊಂದೇ.

ಡಯಾಲಿಸಿಸ್ ನಿಲ್ಲಲಿಲ್ಲ. ಆರು ತಿಂಗಳು ಕಾದು, ಆ ಬೋಧಕರ ಕಡೆಯವರಿಗೆ ಫೋನ್ ಮಾಡಿದರು. ‘ನಿಮ್ಮ ನಂಬಿಕೆಯಲ್ಲಿ ಎಲ್ಲೋ ಸಂಶಯ ಸೇರಿಕೊಂಡಿದೆ ಅಮ್ಮ’ ಅಂತ ಉತ್ತರ ಬಂತು. ಓಲೆ ಹೋದದ್ದಕ್ಕೆ ದೊಡ್ಡಮ್ಮ ಅಳಲಿಲ್ಲ. ಈ ಮಾತಿಗೆ ಅತ್ತರು. ಮಗ ವಾಸಿಯಾಗದೆ ಇರುವುದಕ್ಕೆ ತಾನೇ ಕಾರಣ ಅಂತ ತಲೆಯಲ್ಲಿ ಕೂತುಬಿಟ್ಟಿತು. ಸುಮಾರು ತಿಂಗಳು ಚರ್ಚಿನ ಕಡೆ ಮುಖ ಹಾಕಲಿಲ್ಲ.

ನಾನೂ ಅದೇ ಚರ್ಚಿನಲ್ಲಿ ಬೆಳೆದವನು. ನಮ್ಮಲ್ಲಿ ಕಾಣಿಕೆ ಇದೆ, ದಶಮಾಂಶ ಇದೆ, ಸುಗ್ಗಿ ಹಬ್ಬ ಇದೆ. ಸುಗ್ಗಿ ಹಬ್ಬದ ದಿನ ಕುಂಬಳಕಾಯಿ, ಬಾಳೆಗೊನೆ, ನಾಟಿಕೋಳಿ ತಂದು ದೇವರ ಮುಂದಿಟ್ಟು ಹರಾಜು ಕೂಗುತ್ತೇವೆ. ಅದು ಬೆಳೆದ ಮೇಲೆ ಕೊಡುವ ಪದ್ಧತಿ. ಮೊದಲು ಕೊಡು, ಆಮೇಲೆ ಬೆಳೆಯುತ್ತದೆ ಅಂತ ನಮ್ಮ ಅಯ್ಯನವರು ಯಾರೂ ಹೇಳಿದ್ದು ನನಗೆ ನೆನಪಿಲ್ಲ. ಹಾಗಾದರೆ ಈ ‘ಬೀಜ’ ಎಲ್ಲಿಂದ ಬಂತು? ಹುಡುಕುತ್ತಾ ಹೋದರೆ ದಾರಿ ಅಮೆರಿಕದ ಒಕ್ಲಹೋಮ ರಾಜ್ಯಕ್ಕೆ ಹೋಗಿ ಮುಟ್ಟಿತು.

ಒಂದು ಪತ್ರ, ಒಂದು ಕಾರು

1947ರ ಮಾತು. ಓರಲ್ ರಾಬರ್ಟ್ಸ್ ಅನ್ನುವ ಬಡ ಬೋಧಕ ಒಕ್ಲಹೋಮದಲ್ಲಿ ಒಂದು ಸಣ್ಣ ಚರ್ಚು ನೋಡಿಕೊಳ್ಳುತ್ತಿದ್ದ. 1918ರಲ್ಲಿ ಹುಟ್ಟಿದವನು, ಬೋಧಕನ ಮಗ, ಹರೆಯದಲ್ಲಿ ಕ್ಷಯ ಬಂದು ಸಾಯುವಂತಾಗಿ ಬದುಕಿದವನು. ಒಂದು ಬೆಳಿಗ್ಗೆ ಅವಸರದಲ್ಲಿ ಬೈಬಲ್ ತೆರೆದಾಗ ಯೋಹಾನನು ಬರೆದ ಮೂರನೇ ಪತ್ರದ ಎರಡನೇ ವಚನ ಕಣ್ಣಿಗೆ ಬಿತ್ತು. ಅದರಲ್ಲಿ ಯೋಹಾನ ತನ್ನ ಗೆಳೆಯ ಗಾಯನಿಗೆ, ನಿನಗೆ ಎಲ್ಲದರಲ್ಲೂ ಒಳ್ಳೆಯದಾಗಲಿ, ಆರೋಗ್ಯವಾಗಿರು ಎಂಬ ಅರ್ಥದಲ್ಲಿ ಹಾರೈಸುತ್ತಾನೆ. ರಾಬರ್ಟ್ಸ್‌ಗೆ ಅದು ಹಾರೈಕೆಯಾಗಿ ಕಾಣಲಿಲ್ಲ, ದೇವರು ಬರೆದುಕೊಟ್ಟ ವಾಗ್ದಾನವಾಗಿ ಕಂಡಿತು. ಅಂದರೆ ನಾನು ಬಡವನಾಗಿರಬೇಕಿಲ್ಲ! ಸ್ವಲ್ಪದರಲ್ಲೇ ನೆರೆಯವನೊಬ್ಬನ ಸಹಾಯದಿಂದ ಹೊಸ ಬ್ಯೂಕ್ ಕಾರು ಕೈಗೆ ಬಂತು. ಆ ಕಾರೇ ಸಾಕ್ಷಿಯಾಯಿತು.

ಆಮೇಲಿನದು ದೊಡ್ಡ ಕಥೆ. ಊರೂರಿಗೆ ಡೇರೆ ಹಾಕಿ ಸ್ವಸ್ಥತಾ ಕೂಟ, 1955ರ ಹೊತ್ತಿಗೆ ಟಿವಿ, 1965ರಲ್ಲಿ ತುಲ್ಸಾ ನಗರದಲ್ಲಿ ಅವನ ಹೆಸರಿನದೇ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. 1970ರಲ್ಲಿ ಅವನು ‘ಬೀಜ ನಂಬಿಕೆ’ ಕುರಿತು ಪುಸ್ತಕವನ್ನೇ ಬರೆದ. ಹಳೆಯ ಲೆಕ್ಕದಲ್ಲಿ ದಶಮಾಂಶ ಅಂದರೆ ದೇವರು ಕೊಟ್ಟದ್ದರಲ್ಲಿ ಹತ್ತರಲ್ಲೊಂದು ಪಾಲನ್ನು ತೀರಿಸುವುದು. ಹೊಸ ಲೆಕ್ಕದಲ್ಲಿ ನೀನೇ ಮೊದಲು ಕೊಡುವವನು, ಕೊಟ್ಟದ್ದು ಬೀಜ, ಅದರ ಬೆಳೆಗಾಗಿ ನೀನು ಕಾಯಬಹುದು, ನಿರೀಕ್ಷಿಸಬಹುದು. ನಮ್ಮ ತಾಲ್ಲೂಕು ಮೈದಾನಕ್ಕೆ ಬಂದ ‘ಬೀಜ’ ಈ ತಳಿಯದ್ದೇ.

ರಾಬರ್ಟ್ಸ್ ಒಬ್ಬನೇ ಅಲ್ಲ. ಅದೇ ತುಲ್ಸಾದ ಸುತ್ತ ಕೆನೆತ್ ಹೇಗಿನ್ ಎಂಬ ಬೋಧಕ ಇದ್ದ. ಅವನಿಗಿಂತ ಹಿಂದಿನ ಇ. ಡಬ್ಲ್ಯೂ. ಕೆನ್ಯನ್ ಎಂಬವನ ಬರಹಗಳಿಂದ ಧಾರಾಳವಾಗಿ ತೆಗೆದುಕೊಂಡು, ಬೇಕಾದದ್ದನ್ನು ನಂಬಿಕೆಯಿಂದ ಬಾಯಿಬಿಟ್ಟು ಹೇಳಿದರೆ ಅದು ನಿನ್ನದಾಗುತ್ತದೆ ಅಂತ ಕಲಿಸಿದ. 1974ರಲ್ಲಿ ಬೋಧಕರನ್ನು ತಯಾರು ಮಾಡುವ ಶಾಲೆ ತೆರೆದ. ಅವನನ್ನು ಅನುಸರಿಸಿದ ಕೋಪ್‌ಲ್ಯಾಂಡ್ ದಂಪತಿಗಳಲ್ಲಿ ಗ್ಲೋರಿಯಾ 1978ರ ತಮ್ಮ ಪುಸ್ತಕದಲ್ಲಿ ನೂರರಷ್ಟು ಅನ್ನುವುದಕ್ಕೆ ನೇರ ಮಗ್ಗಿಯನ್ನೇ ಬರೆದರು. 10 ಡಾಲರ್ ಕೊಟ್ಟರೆ 1000 ಡಾಲರ್, 1000 ಕೊಟ್ಟರೆ ಒಂದು ಲಕ್ಷ. ನಮ್ಮೂರ ಚೀಟಿ ನಡೆಸುವವರಿಗೂ ಇಷ್ಟು ಧೈರ್ಯ ಇಲ್ಲ.

ಇದೆಲ್ಲ ಆ ಕಾಲದಲ್ಲೇ ಯಾಕೆ ಹಬ್ಬಿತು? ಎರಡನೇ ಮಹಾಯುದ್ಧ ಮುಗಿದು ಅಮೆರಿಕದಲ್ಲಿ ಕಾರು, ಮನೆ, ಫ್ರಿಜ್ಜು ಎಲ್ಲರ ಕೈಗೆ ಸಿಗುವಂತಾಗಿತ್ತು. ಡೇರೆಯಲ್ಲಿ ಹಾಡುತ್ತಿದ್ದ ಬಡ ಬಿಳಿಯರಿಗೆ ತಾವೂ ಮೇಲೆ ಬರುತ್ತಿದ್ದೇವೆ ಅನ್ನಿಸಿತ್ತು. ಮೇಲೆ ಬರುವುದು ಪಾಪವಲ್ಲ, ಆಶೀರ್ವಾದ ಅಂತ ಹೇಳುವವರು ಬೇಕಿದ್ದರು. ಇನ್ನೊಂದು ಕಾರಣ ಟಿವಿ. ಟಿವಿಯಲ್ಲಿ ಸಮಯ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ದುಡ್ಡಿಗೆ ಜನರನ್ನು ಕೇಳಬೇಕು, ಕೇಳಲು ಟಿವಿಯಲ್ಲಿ ಇರಬೇಕು. ಗಾಣದ ಎತ್ತಿನ ಹಾಗೆ. ‘ನಮ್ಮ ಖರ್ಚಿಗೆ ಕೊಡಿ’ ಅಂದರೆ ಎಷ್ಟು ದಿನ ಕೊಟ್ಟಾರು? ‘ನಿಮ್ಮ ಲಾಭಕ್ಕೆ ಕೊಡಿ’ ಅಂದರೆ ಮಾತೇ ಬೇರೆ.

ರಾಬರ್ಟ್ಸ್ ಬರೀ ಮೋಸಗಾರ ಅಂತ ನಾನು ಹೇಳುವುದಿಲ್ಲ. ಪ್ರಾರ್ಥನೆ ಮತ್ತು ಔಷಧಿ ಒಟ್ಟಿಗೆ ಸಾಗಬೇಕು ಅಂತ ನಂಬಿ ತುಲ್ಸಾದಲ್ಲಿ 1981ರಲ್ಲಿ ಬೃಹತ್ ಆಸ್ಪತ್ರೆ ತೆರೆದವನು ಅವನು. ಅದರ ಸಾಲ ಕುತ್ತಿಗೆಗೆ ಬಂದಾಗ ಆಡಿದ ಮಾತುಗಳು ಮಾತ್ರ ನಗೆಪಾಟಲಾದವು. ಮೊದಲು 900 ಅಡಿ ಎತ್ತರದ ಯೇಸುವನ್ನು ಕಂಡೆ ಅಂದ. 1987ರಲ್ಲಿ, ಮಾರ್ಚ್ ತಿಂಗಳೊಳಗೆ 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಕರೆದುಕೊಂಡು ಬಿಡುತ್ತಾನೆ ಅಂದ. ದುಡ್ಡು ಕೂಡಿತು. ಕೊನೆಗೆ 13 ಲಕ್ಷ ಡಾಲರ್ ಚೆಕ್ ಕೊಟ್ಟವನು ನಾಯಿ ಓಟದ ಜೂಜಿನ ಮೈದಾನಗಳ ಮಾಲೀಕ. ಎರಡು ವರ್ಷದಲ್ಲಿ ಆಸ್ಪತ್ರೆ ಮುಚ್ಚಿತು.

ಇದೇ ಬೇರಿನ ಇನ್ನೊಂದು ಕೊಂಬೆ

ಈ ಬೋಧಕರೆಲ್ಲ ಪೆಂಟೆಕೋಸ್ಟ್ ಪಂಥದ ಸುತ್ತಮುತ್ತಲಿನವರು. ಆದರೆ ಆ ಪಂಥ ಹುಟ್ಟಿದ್ದು ದುಡ್ಡಿನ ಮನೆಯಲ್ಲಲ್ಲ. ಅಮೆರಿಕದ ಚರಿತ್ರೆಕಾರರು 1906ರ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯನ್ನು ನೆನೆಯುತ್ತಾರೆ. ಗುಲಾಮರಾಗಿದ್ದ ತಂದೆತಾಯಿಯ ಮಗ ವಿಲಿಯಂ ಸೀಮೋರ್ ಅಲ್ಲಿ ಮುಖಂಡ. ಅದಕ್ಕೂ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಅಂಥದ್ದೇ ಉಜ್ಜೀವನ ಆಗಿತ್ತು. ಆ ಆಶ್ರಮದ ತಾಯಿ ಪಂಡಿತಾ ರಮಾಬಾಯಿ. ಅವರ ತಂದೆ ಅನಂತ ಶಾಸ್ತ್ರಿಗಳು ನಮ್ಮ ಕಾರ್ಕಳ ತಾಲ್ಲೂಕಿನ ಮಾಳದವರು. ರಮಾಬಾಯಿ 1858ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ.

ಅವರ ಬದುಕಿನ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಅವರ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತಾ ಅಲೆದಿತ್ತು. ಬರ ಬಂದಾಗಲೂ, ಕೈಯಲ್ಲಿದ್ದದ್ದನ್ನು ದಾನ ಮಾಡಿದರೆ ದೇವರು ತಿರುಗಿ ಕೊಡುತ್ತಾನೆ ಎಂಬ ನಂಬಿಕೆಯಲ್ಲಿ ಎಲ್ಲವನ್ನೂ ಕೊಟ್ಟಿತು. ಕೊನೆಗೆ ಉಪವಾಸ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಇದನ್ನು ಅವರೇ ಬರೆದಿದ್ದಾರೆ. ಇದನ್ನು ಓದಿ ಯಾರೂ ‘ನೋಡಿ, ಅವರ ಧರ್ಮದಲ್ಲಿ ಹೀಗೆ’ ಅನ್ನಬೇಡಿ. ನಮ್ಮ ದೊಡ್ಡಮ್ಮ ಓಲೆ ಕೊಟ್ಟದ್ದು ಯೇಸುವಿನ ಹೆಸರಿನಲ್ಲಿ. ಕಷ್ಟದಲ್ಲಿರುವವರ ಈ ಆಸೆ ಯಾವ ಧರ್ಮದ್ದೂ ಅಲ್ಲ, ಎಲ್ಲ ಧರ್ಮದ್ದೂ ಹೌದು.

ಕ್ರೈಸ್ತರಾದ ಮೇಲೆ ರಮಾಬಾಯಿ ಏನು ಮಾಡಿದರು ಅನ್ನುವುದು ಮುಖ್ಯ. 1896ರಿಂದ ಬಿದ್ದ ಬರಗಾಲಗಳಲ್ಲಿ ಊರೂರು ತಿರುಗಿ, ಹಸಿದ ವಿಧವೆಯರನ್ನು, ಅನಾಥ ಹೆಣ್ಣುಮಕ್ಕಳನ್ನು ನೂರುಗಟ್ಟಲೆ ಕರೆತಂದು ಸಾಕಿದರು. ಓದು, ನೇಯ್ಗೆ, ಅಚ್ಚುಕೂಟದ ಕೆಲಸ, ಬೇಸಾಯ ಕಲಿಸಿದರು. ಮುಕ್ತಿಯ ಉಜ್ಜೀವನ ನಡೆದದ್ದು ಈ ಹುಡುಗಿಯರ ನಡುವೆ. ಅಲ್ಲಿ ದುಡ್ಡು, ಅನ್ನ ಹೋದ ದಿಕ್ಕು ಇಲ್ಲದವರ ಕಡೆಗೆ. ಅವರಿಂದ ವೇದಿಕೆಯ ಕಡೆಗಲ್ಲ. ಒಂದೇ ಬೇರಿನಿಂದ ಎಂಥ ಎರಡು ಕೊಂಬೆ ನೋಡಿ.

ಜೈಲಿನಲ್ಲಿ ಬೈಬಲ್ ಓದಿದವನು

ಈಗ ಜಿಮ್ ಬೇಕರ್ ಕಥೆಗೆ ಬರೋಣ. ಪತ್ರಿಕೋದ್ಯಮ ಓದಿದ ನಮಗೆ ಇದು ಎರಡು ಕಾರಣಕ್ಕೆ ಹಿಡಿಸುವ ಕಥೆ.

ಬೇಕರ್ 1940ರಲ್ಲಿ ಮಿಶಿಗನ್ ರಾಜ್ಯದಲ್ಲಿ ಹುಟ್ಟಿದವನು. ಹೆಂಡತಿ ಟ್ಯಾಮಿ ಫೇ ಜೊತೆ ಮಕ್ಕಳಿಗೆ ಗೊಂಬೆಯಾಟ ತೋರಿಸುತ್ತಾ ಟಿವಿಗೆ ಬಂದ. 1974ರಲ್ಲಿ ಉತ್ತರ ಕ್ಯಾರೊಲೈನಾದ ಶಾರ್ಲಟ್ ನಗರದಲ್ಲಿ ‘ಪಿಟಿಎಲ್’ ಎಂಬ ಕಾರ್ಯಕ್ರಮ ಶುರುಮಾಡಿದ. ಕರ್ತನಿಗೆ ಸ್ತೋತ್ರ ಅನ್ನುವ ಅರ್ಥದ ಮೂರು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು ಅವು. ಸ್ವಲ್ಪ ವರ್ಷದಲ್ಲೇ ಉಪಗ್ರಹದ ಮೂಲಕ ದೇಶವೆಲ್ಲ ನೋಡತೊಡಗಿತು. ಶಾರ್ಲಟ್‌ಗೆ ಹತ್ತಿರ, ದಕ್ಷಿಣ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ 2300 ಎಕರೆ ಜಾಗದಲ್ಲಿ ‘ಹೆರಿಟೇಜ್ ಯುಎಸ್ಎ’ ಎಂಬ ಕ್ರೈಸ್ತ ವಿಹಾರಧಾಮ ಎದ್ದಿತು. ಹೋಟೆಲು, ನೀರಾಟ, ಅಂಗಡಿಬೀದಿ, ಪ್ರಾರ್ಥನಾಲಯ ಎಲ್ಲ ಅಲ್ಲೇ. 1986ರಲ್ಲಿ ಸುಮಾರು 60 ಲಕ್ಷ ಜನ ಬಂದರು. ಅಮೆರಿಕದಲ್ಲಿ ಡಿಸ್ನಿಯ ಎರಡು ಧಾಮ ಬಿಟ್ಟರೆ ಮೂರನೆಯದು ಇದೇ.

ಇದಕ್ಕೆ ದುಡ್ಡು ಬಂದದ್ದು ಹೀಗೆ. 1984ರಿಂದ ಬೇಕರ್ ಟಿವಿಯಲ್ಲಿ ‘ಜೀವನಪರ್ಯಂತ ಪಾಲುದಾರಿಕೆ’ ಮಾರಲು ಹೊರಟ. 1000 ಡಾಲರ್ ಒಂದೇ ಸಲ ಕೊಟ್ಟರೆ, ಬದುಕಿರುವಷ್ಟು ಕಾಲ ಪ್ರತಿವರ್ಷ ಮೂರು ರಾತ್ರಿ ದೊಡ್ಡ ಹೋಟೆಲಿನಲ್ಲಿ ಉಚಿತ ವಾಸ. ಆ ಹೋಟೆಲಿಗೆ 25,000 ಪಾಲುದಾರರಿಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ ಅಂತ ಮಾತು ಕೊಟ್ಟ. ಮಾರಿದ್ದು 66,000ಕ್ಕೂ ಹೆಚ್ಚು. ಎರಡನೇ ಕಟ್ಟಡಕ್ಕೆ 30,000 ಅಂದ, ಮಾರಿದ್ದು 68,000ಕ್ಕೂ ಹೆಚ್ಚು, ಆ ಕಟ್ಟಡ ಮುಗಿಯಲೇ ಇಲ್ಲ. ಎಲ್ಲ ಸೇರಿ ಸುಮಾರು 1,53,000 ಪಾಲು, 15 ಕೋಟಿ 80 ಲಕ್ಷ ಡಾಲರ್. ಕೋಣೆಗಾಗಿ ಫೋನ್ ಮಾಡಿದವರಿಗೆ ಖಾಲಿ ಇಲ್ಲ ಎಂಬ ಉತ್ತರ. ಅತ್ತ ಬೇಕರ್ ಬೋನಸ್ ಮುಂತಾಗಿ ತೆಗೆದುಕೊಂಡದ್ದು 37 ಲಕ್ಷ ಡಾಲರ್. ಅವನ ನಾಯಿಮನೆಗೂ ಏಸಿ ಇತ್ತು ಅನ್ನುವುದು ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಮಾತು.

ಇದನ್ನು ಹೊರಗೆಳೆದದ್ದು ದೊಡ್ಡ ನಗರದ ದೊಡ್ಡ ಪತ್ರಿಕೆಯಲ್ಲ, ಸ್ಥಳೀಯ ‘ಶಾರ್ಲಟ್ ಅಬ್ಸರ್ವರ್’. 1979ರಲ್ಲೇ ಅದು, ಹೊರದೇಶದ ಸುವಾರ್ತಾ ಕೆಲಸಕ್ಕೆಂದು ಎತ್ತಿದ ಹಣ ಊರಲ್ಲೇ ಖರ್ಚಾಗಿದೆ ಅಂತ ಬರೆದಿತ್ತು. ವರದಿಗಾರ ಚಾರ್ಲ್ಸ್ ಶೆಪರ್ಡ್ ವರ್ಷಗಟ್ಟಲೆ ಲೆಕ್ಕಪತ್ರ ಹಿಡಿದು ಕೂತ. ಪಿಟಿಎಲ್ ಟಿವಿಯಲ್ಲೇ ಪತ್ರಿಕೆಯ ವಿರುದ್ಧ ಅಭಿಯಾನ ನಡೆಸಿತು. ದೇವರ ಕೆಲಸಕ್ಕೆ ಅಡ್ಡಿ ಅಂದಿತು. 1987ರ ಮಾರ್ಚ್‌ನಲ್ಲಿ, ಚರ್ಚ್ ಕಾರ್ಯದರ್ಶಿಯಾಗಿದ್ದ ಯುವತಿಯೊಬ್ಬರ ಬಾಯಿ ಮುಚ್ಚಿಸಲು 2 ಲಕ್ಷ 65 ಸಾವಿರ ಡಾಲರ್ ಗೊತ್ತುಮಾಡಿದ್ದು ಹೊರಬೀಳುವ ಹೊತ್ತಿಗೆ ಬೇಕರ್ ರಾಜೀನಾಮೆ ಕೊಟ್ಟ. ಆಕೆ ಅದು ಬಲಾತ್ಕಾರ ಅಂದರು, ಅವನು ಅಲ್ಲ ಅಂದ. 1988ರಲ್ಲಿ ಪತ್ರಿಕೆಗೆ ಸಾರ್ವಜನಿಕ ಸೇವೆಯ ಪುಲಿಟ್ಜರ್ ಪ್ರಶಸ್ತಿ ಬಂತು.

1989ರ ಅಕ್ಟೋಬರ್‌ನಲ್ಲಿ 24 ಆರೋಪಗಳಲ್ಲಿ ಬೇಕರ್ ತಪ್ಪಿತಸ್ಥ ಅಂತ ತೀರ್ಮಾನವಾಯಿತು. ಶಿಕ್ಷೆ 45 ವರ್ಷ. ಇಲ್ಲೊಂದು ವಿಚಿತ್ರ ನಡೆಯಿತು. ಶಿಕ್ಷೆ ಕೊಡುವಾಗ ನ್ಯಾಯಾಧೀಶರು, ಧರ್ಮ ಇರುವ ನಮ್ಮಂಥವರಿಗೆ ದುಡ್ಡುಬಾಕ ಬೋಧಕರ ಕಾಟ ಸಾಕಾಗಿದೆ ಎನ್ನುವ ಅರ್ಥದ ಮಾತಾಡಿದ್ದರು. ನ್ಯಾಯಾಧೀಶರ ಸ್ವಂತ ಧರ್ಮ ಶಿಕ್ಷೆಯೊಳಗೆ ಬರಬಾರದು ಅಂತ ಮೇಲಿನ ಕೋರ್ಟು 1991ರಲ್ಲಿ ಆ ಶಿಕ್ಷೆ ರದ್ದು ಮಾಡಿತು. ತಪ್ಪಿತಸ್ಥ ಅನ್ನುವುದು ಉಳಿಯಿತು, ಶಿಕ್ಷೆ 8 ವರ್ಷಕ್ಕೆ ಇಳಿಯಿತು. ಸುಮಾರು 5 ವರ್ಷ ಒಳಗಿದ್ದು 1994ರಲ್ಲಿ ಹೊರಬಂದ.

ಜೈಲಿನಲ್ಲಿ ಅವನು ಕಕ್ಕಸು ತೊಳೆದ, ಬೈಬಲ್ ಓದಿದ. ಬೋಧಕ ಬೈಬಲ್ ಓದುವುದರಲ್ಲಿ ವಿಶೇಷ ಏನು ಅಂತೀರಾ? ಅವನು ಮೊದಲು ಓದುತ್ತಿದ್ದದ್ದು ಬೋಧನೆಗೆ ಬೇಕಾದ ತುಂಡುಗಳನ್ನು. ಈಗ ಯೇಸು ಆಡಿದ ಮಾತುಗಳನ್ನೆಲ್ಲ ಸಾಲಾಗಿ ಓದಿದ. ಯೇಸು ದುಡ್ಡಿನ ವಿಷಯದಲ್ಲಿ ಒಳ್ಳೆಯ ಮಾತೇ ಆಡಿಲ್ಲವಲ್ಲ ಅಂತ ಗಾಬರಿಯಾಯಿತು. ಅದೇ ಯೋಹಾನನ ಮೂರನೇ ಪತ್ರ, ಓರಲ್ ರಾಬರ್ಟ್ಸ್‌ಗೆ ಕಾರು ಕೊಡಿಸಿದ ವಚನ, ಅದರ ಗ್ರೀಕ್ ಪದ ಹುಡುಕಿದ. ‘ದಾರಿ ಸುಗಮವಾಗಲಿ’ ಅನ್ನುವ ಹಾರೈಕೆ ಅದು. 1996ರಲ್ಲಿ ಅವನು ಬರೆದ ಪುಸ್ತಕದ ಹೆಸರೇ ‘ನಾನು ತಪ್ಪು ಮಾಡಿದೆ’ ಅನ್ನುವ ಅರ್ಥದ್ದು. ಬೋಧಿಸಿದ್ದು ಯೇಸು ಹೇಳಿದ್ದಕ್ಕೆ ತದ್ವಿರುದ್ಧವಾಗಿತ್ತು ಅಂತ ಒಪ್ಪಿಕೊಂಡ.

ಕಥೆ ಇಲ್ಲೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ನಿಲ್ಲಲಿಲ್ಲ. 2003ರಲ್ಲಿ ಮತ್ತೆ ಟಿವಿಗೆ ಬಂದ. ಈ ಸಲ ಲೋಕಾಂತ್ಯ ಬರುತ್ತಿದೆ ಅಂತ ಬಕೆಟ್‌ಗಟ್ಟಲೆ ಒಣ ಆಹಾರ ಮಾರಿದ. 2020ರಲ್ಲಿ ಕೊರೊನಾ ಬಂದಾಗ ಅವನ ಕಾರ್ಯಕ್ರಮದಲ್ಲಿ ಬೆಳ್ಳಿ ಬೆರೆಸಿದ ದ್ರಾವಣವನ್ನು ಮದ್ದು ಎಂಬಂತೆ ಮಾರಲಾಯಿತು. ಮಿಸೌರಿ ರಾಜ್ಯ ಮೊಕದ್ದಮೆ ಹೂಡಿತು, 2021ರಲ್ಲಿ ಸುಮಾರು 1 ಲಕ್ಷ 56 ಸಾವಿರ ಡಾಲರ್ ವಾಪಸ್ ಕೊಡಲು ಒಪ್ಪಿ ರಾಜಿಯಾಯಿತು. ಮನುಷ್ಯ ಜೈಲಿನಲ್ಲಿ ಕಂಡದ್ದನ್ನು ಕ್ಯಾಮೆರಾ ಮುಂದೆ ಮರೆಯುತ್ತಾನೆ.

ಒಳಗಿನಿಂದ ಬೈದವರು

ಬೇಕರ್ ಜೈಲಿನಲ್ಲಿ ಕಲಿತ ಪಾಠವನ್ನು ಗಾರ್ಡನ್ ಫೀ ಎಂಬ ವಿದ್ವಾಂಸ ಅದಕ್ಕೆ ಮೊದಲೇ ಬರೆದಿಟ್ಟಿದ್ದ. ಫೀ ಹೊರಗಿನವನಲ್ಲ, ಸ್ವತಃ ಪೆಂಟೆಕೋಸ್ಟ್ ಬೋಧಕ. ಹೊಸ ಒಡಂಬಡಿಕೆಯ ದೊಡ್ಡ ಪಂಡಿತ. ಆರೋಗ್ಯ, ಐಶ್ವರ್ಯದ ಈ ಸುವಾರ್ತೆಯೇ ಒಂದು ರೋಗ ಅಂತ ಹೆಸರಿಟ್ಟ. ಯೋಹಾನನ ವಚನದ ಬಗ್ಗೆ ಅವನ ವಾದ ಸರಳ: ಅದು ಆ ಕಾಲದ ಕಾಗದದ ಒಕ್ಕಣೆ. ನಮ್ಮ ಅಜ್ಜಂದಿರು ಇನ್‌ಲ್ಯಾಂಡ್ ಲೆಟರ್‌ನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’ ಅಂತ ಶುರುಮಾಡುತ್ತಿರಲಿಲ್ಲವೇ, ಹಾಗೆ. ಆ ಸಾಲು ಹಿಡಿದು ಯಾರಾದರೂ, ಅಜ್ಜ ನನಗೆ ಆರೋಗ್ಯದ ಗ್ಯಾರಂಟಿ ಬರೆದುಕೊಟ್ಟಿದ್ದಾನೆ ಅಂತ ಕೋರ್ಟಿಗೆ ಹೋದರೆ ಹೇಗೆ?

ಆಶ್ಚರ್ಯ ಅಂದರೆ ಕೆನೆತ್ ಹೇಗಿನ್ ಕೂಡ ಕೊನೆಗಾಲದಲ್ಲಿ ತನ್ನ ಶಿಷ್ಯರಿಗೆ ಛೀಮಾರಿ ಹಾಕಿದ. 2003ರಲ್ಲಿ ತೀರಿಕೊಂಡ ಅವನು 2000ದಲ್ಲಿ ಒಂದು ಪುಸ್ತಕ ತಂದ. ಮುಟ್ಟಿದ್ದೆಲ್ಲ ಚಿನ್ನವಾದ ಮೈಡಾಸ್ ರಾಜನ ಹೆಸರು ಅದಕ್ಕೆ. ನೂರರಷ್ಟು ಎಂಬುದನ್ನು ಬಡ್ಡಿ ಲೆಕ್ಕದಂತೆ ಬಳಸುವುದು ತಪ್ಪು ಅಂತ ಅದರಲ್ಲಿ ಬರೆದ. ಬೀಜ ಬಿತ್ತಿದವನೇ ಕಳೆ ಕಂಡು ಹೌಹಾರಿದ.

ಬೆನ್ನಿ ಹಿನ್ ಹೆಸರು ನಮ್ಮ ಕಡೆಯವರು ಕೇಳಿರುತ್ತಾರೆ. 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಅವನ ಮೂರು ದಿನದ ಕೂಟ ನಡೆಯಿತು. ಹಳ್ಳಿಗಳಿಂದ ಬಸ್ಸು ಮಾಡಿಕೊಂಡು ಹೋದವರಿದ್ದರು. ಅವನ ತಮ್ಮನ ಮಗ ಕಾಸ್ಟಿ ಹಿನ್ ಇದೇ ಕುಟುಂಬದ ಕೂಟಗಳಲ್ಲಿ ಕೆಲಸ ಮಾಡಿ, ಆಮೇಲೆ ಹೊರಬಂದು, 2019ರಲ್ಲಿ ಇದೆಲ್ಲ ದುರಾಸೆಯ ಸುವಾರ್ತೆ ಅಂತ ಪುಸ್ತಕ ಬರೆದ. ಅದೇ ವರ್ಷ ಬೆನ್ನಿ ಹಿನ್ ಕೂಡ, ಇಷ್ಟು ಡಾಲರ್ ಬೀಜ ಹಾಕಿ ಅಂತ ಕೇಳುವುದು ದೇವರಿಗೆ ಮಾಡುವ ಅಪಮಾನ ಎಂಬ ಅರ್ಥದಲ್ಲಿ ಬಹಿರಂಗವಾಗಿ ಹೇಳಿದ.

ಜಕ್ಕೂರಿನ ಕೂಟಕ್ಕೆ ಆಗ ಬೆಂಗಳೂರಿನಲ್ಲಿ ಪ್ರತಿಭಟನೆ ಜೋರಾಗಿತ್ತು. ಆದರೆ ಜಗಳ ಹಿಂದೂ ವಿರುದ್ಧ ಕ್ರೈಸ್ತ ಅಂತ ಆಗಿಹೋಯಿತು. ಅಂಥ ಹೊತ್ತಿನಲ್ಲಿ ಕ್ರೈಸ್ತನೊಬ್ಬ ಎದ್ದು ‘ಈ ಬೋಧನೆ ತಪ್ಪು’ ಅಂದರೆ ಒಳಗಿನವರಿಗೆ ದ್ರೋಹಿ, ಹೊರಗಿನವರಿಗೆ ಕೈಗೆ ಸಿಕ್ಕ ದೊಣ್ಣೆ. ಈ ಲೇಖನ ಬರೆಯುವಾಗ ನನಗೂ ಅದೇ ಅಳುಕು. ಕ್ರೈಸ್ತರು ದುಡ್ಡಿನ ಆಮಿಷ ಒಡ್ಡುತ್ತಾರೆ ಅಂತ ಹೇಳುವವರು ಬೇಕಾದಷ್ಟಿದ್ದಾರೆ. ನಮ್ಮ ಮನೆಯಲ್ಲಿ ಆದದ್ದು ಉಲ್ಟಾ. ದುಡ್ಡು ಬಂದಿಲ್ಲ, ಹೋಗಿದೆ. ಸುಮ್ಮನಿದ್ದರೆ ಸಭೆಯ ಮರ್ಯಾದೆ ಉಳಿಯುತ್ತದೆ ಅನ್ನುವವರಿಗೆ ನಾನು ಕೇಳುವುದು, ಯಾರ ಮರ್ಯಾದೆ? ಮೈದಾನ ಬಾಡಿಗೆ ಹಿಡಿದವರದೋ, ಬರಿಗಿವಿಯಲ್ಲಿ ಮನೆಗೆ ಬಂದ ಹೆಂಗಸಿನದೋ?

ಬೀಜದ ಅಂಗಡಿಯ ನ್ಯಾಯ

ಬೇಸಾಯದವರಿಗೆ ಬೀಜದ ವಿಷಯ ಅಮೆರಿಕದವರು ಹೇಳಿಕೊಡಬೇಕಾಗಿಲ್ಲ. ಬಿತ್ತಿದ್ದೆಲ್ಲ ಬರುವುದಿಲ್ಲ ಅಂತ ಗೊತ್ತು. ಮಳೆ ಬೇಕು, ಹದ ಬೇಕು, ಹಂದಿ ಬರದಿರಬೇಕು, ಕೊನೆಗೆ ರೇಟು ಇರಬೇಕು. ಅಂಗಡಿಯಲ್ಲಿ ಬೀಜ ಕೊಂಡರೆ ಬಿಲ್ಲು ಕೊಡುತ್ತಾರೆ. ಮೊಳೆಯದಿದ್ದರೆ ಆ ಬಿಲ್ಲು ಹಿಡಿದು ಕೃಷಿ ಇಲಾಖೆಗೋ ಗ್ರಾಹಕರ ವೇದಿಕೆಗೋ ಹೋಗಬಹುದು. ವೇದಿಕೆಯ ಬೀಜಕ್ಕೆ ಬಿಲ್ಲಿಲ್ಲ. ಮೊಳೆಯದಿದ್ದರೆ ‘ನಿನ್ನ ಹೊಲ ಸರಿ ಇಲ್ಲ’ ಅನ್ನುತ್ತಾರೆ. ಹೊಲ ಅಂದರೆ ನಿನ್ನ ನಂಬಿಕೆ. ಬೆಳೆ ಬಂದರೆ ಬೀಜದ ಗುಣ, ಬರದಿದ್ದರೆ ನಿನ್ನ ಪಾಪ. ಸೋಲಲು ದಾರಿಯೇ ಇಲ್ಲದ ವ್ಯಾಪಾರ ಇದು. ದುಡ್ಡು ಹೋದದ್ದು ಸಣ್ಣ ನಷ್ಟ. ರೋಗಿಯ ತಾಯಿಯ ಎದೆಯ ಮೇಲೆ ರೋಗದ ಹೊಣೆಯನ್ನೂ ಹೇರುವುದಿದೆಯಲ್ಲ, ನನ್ನ ಸಿಟ್ಟಿರುವುದು ಅಲ್ಲಿ.

ಸತ್ಯವೇದದಲ್ಲಿ ಇದೇ ಮಾತಾಡಿದವರು ಯೋಬನ ಗೆಳೆಯರು. ಮಕ್ಕಳು ಸತ್ತು, ದನಕರು ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನಿಗೆ, ನೀನೇ ಎಲ್ಲೋ ತಪ್ಪಿದ್ದೀಯ ಅಂದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆ. ಪೌಲನಿಗೆ ಮೈಯಲ್ಲಿ ಮುಳ್ಳಿನಂಥ ಒಂದು ಬಾಧೆ ಇತ್ತು, ಮೂರು ಸಲ ಬೇಡಿಕೊಂಡರೂ ಹೋಗಲಿಲ್ಲ. ಅವನ ಜೊತೆಗಾರ ತ್ರೊಫಿಮ ಕಾಯಿಲೆ ಬಿದ್ದಾಗ ಮಿಲೇತದಲ್ಲಿ ಬಿಟ್ಟು ಮುಂದೆ ಹೋಗಬೇಕಾಯಿತು. ತಿಮೊಥೆಯ ಹೊಟ್ಟೆನೋವಿಗೆ ಪೌಲ ಬರೆದದ್ದು ಸ್ವಲ್ಪ ದ್ರಾಕ್ಷಾರಸ ತಗೋ ಅಂತ, ಬೀಜ ಹಾಕು ಅಂತಲ್ಲ. ಇವರಿಗೆಲ್ಲ ನಂಬಿಕೆ ಕಮ್ಮಿ ಇತ್ತೇ?

ನೂರರಷ್ಟು ಎಂಬ ಮಾತು ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿ ಇದೆ, ಸುಳ್ಳಲ್ಲ. ಆದರೆ ಯೇಸು ಅಲ್ಲಿ ಹೇಳುತ್ತಿರುವುದು ಮನೆ, ಅಣ್ಣತಮ್ಮ, ತಾಯಿ, ಹೊಲ ಬಿಟ್ಟು ಬಂದವರಿಗೆ ಸಿಗುವ ಹೊಸ ಬಳಗದ ಬಗ್ಗೆ. ಅದೇ ಸಾಲಿನಲ್ಲಿ ಹಿಂಸೆಯೂ ಸಿಗುತ್ತದೆ ಅಂತ ಸೇರಿಸಿದ್ದಾನೆ. ನೂರು ತಾಯಂದಿರು ಅಂದರೆ ಲೆಕ್ಕವಲ್ಲ, ಸಭೆ ಅಂತ ಮಕ್ಕಳಿಗೂ ಅರ್ಥವಾಗುತ್ತದೆ. ಹೊಲಕ್ಕೆ ಬಂದಾಗ ಮಾತ್ರ ಮಗ್ಗಿ ಯಾಕೆ?

ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ಎರಡು ಕಾಸು ಹಾಕಿದ ಬಡ ವಿಧವೆಯ ಕಥೆ. ಅವತ್ತು ಮೈದಾನದಲ್ಲೂ ಅದೇ ಹೇಳಿದರಂತೆ. ಮನೆಗೆ ಹೋಗಿ ಮಾರ್ಕನ ಹನ್ನೆರಡನೇ ಅಧ್ಯಾಯ ತೆಗೆದು ಅದರ ಹಿಂದಿನ ನಾಲ್ಕು ಸಾಲು ಓದಿ. ಉದ್ದ ನಿಲುವಂಗಿ ಹಾಕಿಕೊಂಡು, ಉದ್ದುದ್ದ ಪ್ರಾರ್ಥನೆ ಮಾಡುತ್ತಾ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳ ಬಗ್ಗೆ ಎಚ್ಚರವಾಗಿರಿ ಅಂತ ಯೇಸು ಹೇಳಿ ಮುಗಿಸಿರುತ್ತಾನೆ. ಆಮೇಲೆ ಆ ವಿಧವೆ ಬಂದು ಜೀವನಕ್ಕಿದ್ದದ್ದನ್ನೆಲ್ಲ ಹಾಕುತ್ತಾಳೆ. ಅವಳಿಗೆ ನೂರರಷ್ಟು ತಿರುಗಿ ಬಂತು ಅಂತ ಎಲ್ಲೂ ಬರೆದಿಲ್ಲ. ಯೇಸು ಮುಂದೆ ಹೇಳುವುದು ಆ ದೇವಾಲಯ ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ಬೀಳುತ್ತದೆ ಅಂತ.

ನಮ್ಮ ಅಯ್ಯನವರು ಒಂದು ದಿನ ದೊಡ್ಡಮ್ಮನ ಮನೆಗೆ ಬಂದು ಈ ಸಾಲುಗಳನ್ನು ಓದಿ ಹೇಳಿದರು. ಹೆಚ್ಚು ಬೋಧನೆ ಮಾಡಲಿಲ್ಲ. ಅಣ್ಣನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಲು ಸಭೆಯ ಹುಡುಗರು ಸರದಿ ಹಾಕಿಕೊಂಡರು. ಗುರುವಾರದ ಸರದಿ ನನ್ನದು. ಕಳೆದ ಸುಗ್ಗಿ ಹಬ್ಬಕ್ಕೆ ದೊಡ್ಡಮ್ಮ ಬಂದಿದ್ದರು. ಹಿತ್ತಲಿನ ಒಂದು ಸೀಮೆಬದನೆಕಾಯಿ ತಂದಿಟ್ಟರು.

ಆಸ್ಪತ್ರೆ ಬೆಂಚಿನ ಮೇಲೆ ಕೂತು ಒಂದು ಗುರುವಾರ ಅವರಿಗೆ ಜಿಮ್ ಬೇಕರ್ ಕಥೆ ಪೂರ್ತಿ ಹೇಳಿದೆ. ಹೋಟೆಲು, ನಾಯಿಮನೆ ಏಸಿ, ಜೈಲು, ಕಕ್ಕಸು ತೊಳೆದದ್ದು ಎಲ್ಲ. ಸುಮ್ಮನೆ ಕೇಳಿಸಿಕೊಂಡರು. ಅವನು ಬರೆದ ತಪ್ಪೊಪ್ಪಿಗೆಯ ವಿಷಯಕ್ಕೆ ತಲೆ ಆಡಿಸಲಿಲ್ಲ.

‘ಅದಿರಲಿ ಮಗ, ಕೊಟ್ಟ ಜನಕ್ಕೆ ದುಡ್ಡು ವಾಪಸ್ ಬಂತಾ?’ ಅಂದರು.

ಬಂತು ದೊಡ್ಡಮ್ಮ ಅಂದೆ. ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆದಾಡಿ, ವಕೀಲರ ಫೀಸು ಕಳೆದು, 2003ರ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿದರು. ತಲೆಗೆ 6 ಡಾಲರ್ 54 ಸೆಂಟ್. ನಮ್ಮ ದುಡ್ಡಿನಲ್ಲಿ ಆಗ ಸುಮಾರು 300 ರೂಪಾಯಿ.

ದೊಡ್ಡಮ್ಮ ಕಿವಿ ಮುಟ್ಟಿಕೊಂಡರು. ‘ಬಸ್ ಚಾರ್ಜು’ ಅಂದರು.